ಮುಖ್ಯಸ್ಥರ ದನಿಯ ಚಿತ್ರ

ಧಾರವಾಡದಲ್ಲಿ ನಾನು ಓದಿದ್ದು ಭೌತಶಾಸ್ತ್ರ. ಜೊತೆಗೆ ಆರಿಸಿಕೊಂಡದ್ದು ಭಾಷಾವಿಜ್ಞಾನ. ನನ್ನ ಪ್ರಾಜೆಕ್ಟ್ ಮನುಷ್ಯರ ದನಿಯ ಕುರಿತಾದದ್ದು. ಅದಕ್ಕೆ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರು ಸಹಿ ಹಾಕದಿದ್ದರೆ ನಾನು ಭಾಷಾವಿಜ್ಞಾನವನ್ನೇ ಬಿಡಬೇಕಿತ್ತು.

"ತಂಗಿ, ಇದರಾಗ ಫಿಜಿಕ್ಸ್ ಎಲ್ಲದ?" ಎಂದರು ಅವರು.

ಸಿಟ್ಟು ನುಂಗಿಕೊಂಡು, ದನಿಯನ್ನು ಚಿತ್ರವಾಗಿಸುವ ತಂತ್ರಾಂಶ ತೆರೆದು ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದೆ. "ಏನರೆ ಮಾತಾಡ್ರಿ ಸರ್."

"ಏನ ಮಾತಾಡ್ಲಿ? ಮನ್ಯಾಗ ಮಾತಾಡ್ಲಿಕ್ಕೆ ಬಿಡೂದಿಲ್ಲ, ಇಲ್ಲೆ ನೀ ಮಾತಾಡ್ರಿ ಅಂತಿ."

ಅಷ್ಟು ಸಾಕಾಯಿತು. ಅವರ ದನಿಯ ಕಂಪನಗಳು ಪರದೆಯ ಮೇಲೆ ಕಪ್ಪು ಪಟ್ಟೆಗಳಾಗಿ ಹರಡಿಕೊಂಡವು. ಎಷ್ಟು ಸಲ ಕಂಡಿದ್ದರೂ ನನ್ನ ಮೈ ಜುಮ್ಮೆಂದಿತು. ಮುಖ್ಯಸ್ಥರು ಕನ್ನಡಕ ಏರಿಸಿ ನೋಡಿದರು. ಮರುಕ್ಷಣವೇ ನವನಗರದ ತಮ್ಮ ಮನೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ಏನರೆ ಬೈಯಿ. ಇಲ್ಲೆ ಚಿತ್ರ ಬರತದ."

"ತಲಿ ಕೆಟ್ಟದೇನ್ರಿ?" ಎಂಬ ಅವರ ಹೆಂಡತಿಯ ದನಿ ಇನ್ನೂ ದಟ್ಟವಾಗಿ ಮೂಡಿತು. ಮುಖ್ಯಸ್ಥರು ಮಗುವಿನಂತೆ ನಕ್ಕರು.

ಸಹಿ ಬಿತ್ತು, ಶೀರ್ಷಿಕೆಯಿಂದ 'ಭಾಷೆ' ಎಂಬ ಪದವನ್ನು ತೆಗೆಯಬೇಕೆಂಬ ಷರತ್ತಿನೊಡನೆ. ತೆಗೆದೆ. ಒಳಗಿನ ಪುಟಗಳಲ್ಲಿ ಅದು ಹಾಗೆಯೇ ಇದೆ.

ಭೌತಶಾಸ್ತ್ರ, ಭಾಷಾವಿಜ್ಞಾನ ಎರಡೂ ಕೂಡುವುದಿಲ್ಲವೆಂದು ಯಾರಾದರೂ ವಿದ್ಯಾರ್ಥಿಯನ್ನು ತಡೆಯುತ್ತಿದ್ದರೆ, ದಯವಿಟ್ಟು ಇದನ್ನು ಆ ವಿದ್ಯಾರ್ಥಿಗೆ ತಲುಪಿಸಿ. ಸಾಧ್ಯವಾದರೆ, ತಡೆಯುತ್ತಿರುವವರ ಮನೆಯವರಿಗೂ.