ನನ್ನ ಜಾಗದಲ್ಲಿ ಓಡಿದವಳು

ನನ್ನ ತೊಡೆಯ ಹಿಂದಿನ ಸ್ನಾಯು ಹರಿದ ದಿನವೇ ನಮ್ಮ ಟೀಮು ಗೆದ್ದಿತು. ಸೋತಿದ್ದರೆ ನೋವು ಅರ್ಧ ಕಡಿಮೆಯಾಗುತ್ತಿತ್ತು.

ಟೀಮು ಅಂದರೆ ದೊಡ್ಡದೇನಲ್ಲ. ಇಲ್ಲಿ ಅಮೆರಿಕದಲ್ಲಿ ಕ್ಯಾಂಪ್‌ಬೆಲ್, ಸ್ಯಾನ್ ಮಟಿಯೋ ಕಡೆಯ ಕನ್ನಡದವರು ಸೇರಿ ಮಾಡಿಕೊಂಡದ್ದು, ಹೆಚ್ಚಿನವರಿಗೆ ನಲವತ್ತು ದಾಟಿದೆ. ಗಂಡಸರು ಹೆಂಗಸರು ಕೂಡಿ ಆಡುವ ಭಾನುವಾರದ ಲೀಗು. ಆಡುವುದು ಅಮೆರಿಕದ ಫುಟ್‌ಬಾಲು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಿನವರ ಗೆರೆ ದಾಟಿಸಬೇಕು. ಟೀವಿಯಲ್ಲಿ ಕಾಣುವ ಹಾಗೆ ಒಬ್ಬರ ಮೇಲೊಬ್ಬರು ಬಿದ್ದು ಕೆಡವುವುದಿಲ್ಲ. ಅದನ್ನು ತಡೆದುಕೊಳ್ಳುವ ವಯಸ್ಸು ನಮ್ಮದಲ್ಲ. ಪ್ರತಿಯೊಬ್ಬರ ಸೊಂಟದ ಬೆಲ್ಟಿನಲ್ಲಿ ಎರಡು ಪಟ್ಟಿ ನೇತಾಡುತ್ತಿರುತ್ತವೆ. ಚೆಂಡು ಹಿಡಿದವರ ಪಟ್ಟಿ ಕಿತ್ತರೆ ಅವರ ಓಟ ಅಲ್ಲಿಗೆ ಮುಗಿಯಿತು. ಚೆಂಡನ್ನು ಎಸೆದು ಮುಂದೆ ಸಾಗಿಸಬಹುದು, ಇಲ್ಲವೇ ಒಬ್ಬರ ಕೈಗೆ ಕೊಟ್ಟು ಓಡಿಸಬಹುದು. ಹಾಗೆ ಓಡುವವರಿಗೆ ರನ್ನಿಂಗ್ ಬ್ಯಾಕು ಅನ್ನುತ್ತಾರೆ. ಮೂರು ವರ್ಷದಿಂದ ಆ ಜಾಗ ನನ್ನದಾಗಿತ್ತು.

ಅದು ನನಗೆಷ್ಟು ಮುಖ್ಯ ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ. ಪಾಲೋ ಆಲ್ಟೋದ ಆಫೀಸಿನಲ್ಲಿ ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನನ್ನ ಹತ್ತಿರ ಕೆಲಸ ಕಲಿತವರು ಈಗ ನನ್ನನ್ನೇ ಮೀಟಿಂಗಿಗೆ ಕರೆದು ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ಮಗಳು ಹೋಮ್‌ವರ್ಕಿಗೆ ಹುಡುಕುವುದು ಅಮ್ಮನನ್ನು. ಭಾನುವಾರ ಬೆಳಿಗ್ಗೆ ಆ ಸ್ಕೂಲಿನ ಮೈದಾನದಲ್ಲಿ, ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡ ಗಳಿಗೆಯಲ್ಲಿ ಮಾತ್ರ, ಎಲ್ಲರೂ ನಾನು ಏನು ಮಾಡುತ್ತೇನೆ ಅಂತ ನೋಡುತ್ತಿದ್ದರು. ಉಳಿದ ವಾರವನ್ನೆಲ್ಲ ನಾನು ಆ ಗಳಿಗೆ ನೆನೆದುಕೊಂಡೇ ತಳ್ಳುತ್ತಿದ್ದೆ.

ನಮ್ಮ ಆಟದ ಸನ್ನೆಗಳೆಲ್ಲ ಕನ್ನಡದಲ್ಲಿ, ಅದೂ ತಿಂಡಿಯ ಹೆಸರಿನಲ್ಲಿ. ಎದುರಿನವರಿಗೆ ತಿಳಿಯಬಾರದಲ್ಲ. 'ವಡೆ' ಅಂದರೆ ಉದ್ದ ಎಸೆತ, 'ಪೂರಿ' ಅಂದರೆ ಗಿಡ್ಡ ಎಸೆತ. 'ಇಡ್ಲಿ' ಅಂದರೆ ಚೆಂಡು ನನಗೆ, ನಡುವಿನಿಂದ ನೇರ ನುಗ್ಗುವುದು. ನಾನು ಮಂಡ್ಯದ ಕಡೆಯವನು, ಮೈ ದಪ್ಪ, ಬಳಸಿ ತಿರುಗಿ ಹೋಗುವುದು ನನಗೆ ಬಾರದು. ಮೈ ತಾಗಿಸುವ ಹಾಗಿಲ್ಲ ನಿಜ, ಆದರೂ ನನ್ನ ಗಾತ್ರ ಎದುರಿಗೆ ಬಂದರೆ ಕೈ ಚಾಚುವವರು ಒಂದು ಕ್ಷಣ ಹಿಂದೆ ಮುಂದೆ ನೋಡುತ್ತಿದ್ದರು. ಆ ಒಂದು ಕ್ಷಣ ನನಗೆ ಸಾಕಾಗುತ್ತಿತ್ತು.

ಅವತ್ತು ಹುಲ್ಲು ಇನ್ನೂ ಒದ್ದೆಯಾಗಿತ್ತು. ಕ್ಯಾಪ್ಟನ್ 'ಇಡ್ಲಿ' ಕೂಗಿದ, ನಾನು ನುಗ್ಗಿದೆ, ಕಾಲು ಜಾರಿತು, ತೊಡೆಯ ಹಿಂದೆ ಏನೋ ಟಪ್ಪೆಂದಿತು. ಕ್ಯಾಪ್ಟನ್ ಮೈಸೂರಿನವನು, ಹಲ್ಲಿನ ಡಾಕ್ಟರು, ನನಗಿಂತ ಚಿಕ್ಕವನು. ಚೆಂಡು ಎಸೆಯುವವನೂ ಅವನೇ. ಬಂದು ನನ್ನ ಕಾಲು ಮುಟ್ಟಿ ನೋಡಿ, ಇದು ಹಲ್ಲಲ್ಲ, ನನಗೆ ಗೊತ್ತಾಗುವುದಿಲ್ಲ ಅಂದ. ಇಬ್ಬರು ಹಿಡಿದು ನನ್ನನ್ನು ಹೊರಗೆ ಕೂರಿಸಿದರು.

ಅವತ್ತು ಆಡಲು ಬಂದಿದ್ದದ್ದೇ ನನ್ನನ್ನೂ ಸೇರಿಸಿ ಎಂಟು ಜನ. ಎಂಟು ಜನ ಇಲ್ಲದಿದ್ದರೆ ಆಟ ಬಿಟ್ಟುಕೊಡಬೇಕು. ಹೆಂಗಸರ ಸಂಖ್ಯೆ ಸಾಲುವುದಿಲ್ಲ ಅಂತ ಸೀಸನ್ನಿನ ಶುರುವಿನಲ್ಲಿ ನನ್ನ ಹೆಂಡತಿಯ ಹೆಸರನ್ನೂ ಬರೆಸಿದ್ದೆವು, ಸುಮ್ಮನೆ ಲೆಕ್ಕಕ್ಕೆ. ಅವಳು ಪ್ರತಿ ಭಾನುವಾರ ಬರುತ್ತಿದ್ದಳು, ನೀರು, ಕಿತ್ತಳೆ ಹಣ್ಣು, ಮಗಳ ಸ್ವೆಟರು ಎಲ್ಲ ಹಿಡಿದುಕೊಂಡು ಮಡಿಸುವ ಕುರ್ಚಿಯಲ್ಲಿ ಕೂರುತ್ತಿದ್ದಳು. ಕ್ಯಾಪ್ಟನ್ ಅವಳ ಕಡೆ ತಿರುಗಿ, "ಅತ್ತಿಗೆ, ಸುಮ್ನೆ ಬಂದು ನಿಂತ್ಕೊಂಡ್ರೆ ಸಾಕು" ಅಂದ. ಅವಳಿಗೆ ರೂಲ್ಸು ಗೊತ್ತಿಲ್ಲ ಅಂತ ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಕೂದಲು ಮೇಲೆತ್ತಿ ಕಟ್ಟಿ ನನ್ನ ಸೊಂಟದಿಂದ ಪಟ್ಟಿಯ ಬೆಲ್ಟು ಬಿಚ್ಚುತ್ತಿದ್ದಳು. ಅದು ಅವಳಿಗೆ ದೊಡ್ಡದಾಯಿತು. ಎರಡು ಸುತ್ತು ಸುತ್ತಿಕೊಂಡಳು.

ನನ್ನ ಜಾಗದಲ್ಲಿ ಮೊದಲು ನಮ್ಮ ಟೀಮಿನ ಉದ್ದನೆಯವನನ್ನು ಓಡಿಸಿ ನೋಡಿದರು. ಅವನು ತನ್ನ ಕಾಲಿಗೆ ತಾನೇ ತೊಡರಿಕೊಂಡ. ಇನ್ನೊಬ್ಬ ಓಡಿದ, ಹೆಜ್ಜೆ ಇಡುವಷ್ಟರಲ್ಲಿ ಪಟ್ಟಿ ಕಳೆದುಕೊಂಡ. ನಾನು ಕೂತಲ್ಲಿಂದ ಅಯ್ಯೋ ಅಂದೆ, ಒಳಗೊಳಗೆ ತೃಪ್ತಿಯಾಯಿತು. ನೋಡಿ, ನನ್ನ ಕೆಲಸ ಯಾರೂ ಮಾಡಲಾರರು. ಆಮೇಲೊಮ್ಮೆ ಕ್ಯಾಪ್ಟನ್ನಿಗೆ ಎಸೆಯಲು ಯಾರೂ ಸಿಗದೆ, ಎದುರಿನವರು ಮೈಮೇಲೆ ಬಂದಾಗ, ಪಕ್ಕದಲ್ಲಿದ್ದ ನನ್ನ ಹೆಂಡತಿಯ ಕೈಗೆ ಚೆಂಡು ತುರುಕಿಬಿಟ್ಟ.

ಅವಳು ಓಡಿದಳು. ನೇರವಾಗಿ ಅಲ್ಲ. ಉದ್ದನೆಯವನ ಬೆನ್ನ ಹಿಂದೆ ಹೊಕ್ಕು ಇನ್ನೊಂದು ಕಡೆಯಿಂದ ಹೊರಬಂದಳು. ಒಬ್ಬ ಕೈ ಚಾಚಿದ, ಅವಳು ಅಲ್ಲಿರಲಿಲ್ಲ. ಇನ್ನೊಬ್ಬಳು ಎದುರಾದಳು, ಇವಳು ಎಡಕ್ಕೆ ಭುಜ ತೋರಿಸಿ ಬಲಕ್ಕೆ ಹೋದಳು. ಗೆರೆ ದಾಟಿ ನಿಂತು, ಚೆಂಡನ್ನು ಏನು ಮಾಡಬೇಕು ಅಂತ ಕ್ಯಾಪ್ಟನ್ ಕಡೆ ನೋಡಿದಳು. ಮಗಳು ಕುರ್ಚಿಯ ಮೇಲೆ ಹತ್ತಿ, "ಅಪ್ಪ, ಅಮ್ಮ ಈಸ್ ಸೋ ಫಾಸ್ಟ್" ಅಂದಳು. ಹೌದು ಪುಟ್ಟಿ ಅಂದೆ. ನನ್ನ ಬಾಯೆಲ್ಲ ಕಹಿಯಾಗಿತ್ತು.

ಹಾಸನದಲ್ಲಿ ಹೈಸ್ಕೂಲಿನಲ್ಲಿದ್ದಾಗ ಅವಳು ಖೋ ಖೋ ಆಡುತ್ತಿದ್ದಳು. ಜಿಲ್ಲಾ ಮಟ್ಟಕ್ಕೂ ಹೋಗಿದ್ದಳಂತೆ. ಮದುವೆಯ ಮಾತುಕತೆಯಲ್ಲಿ ಮಾವ ಇದನ್ನೂ ಹೇಳಿದ್ದರು, ನಾವೆಲ್ಲ ಕೇಸರಿಬಾತು ತಿನ್ನುತ್ತ ತಲೆಯಾಡಿಸಿದ್ದೆವು. ಆಮೇಲೆ ಆ ವಿಷಯವನ್ನು ಯಾರೂ ಎತ್ತಲಿಲ್ಲ. ಇಷ್ಟು ವರ್ಷ ಅವಳು ಮನೆಯಲ್ಲಿ ಓಡಿದ್ದನ್ನು ನಾನು ನೋಡಿದ್ದು ಹಾಲು ಉಕ್ಕುವಾಗ ಮಾತ್ರ.

ಒಬ್ಬ ರನ್ನಿಂಗ್ ಬ್ಯಾಕು ಬಿದ್ದರೆ ಟೀಮಿನ ಓಟವೇ ನಿಂತುಹೋಗುತ್ತದೆ ಅಂತ ನಾನು ನಂಬಿದ್ದೆ. ಹಾಗೇನೂ ಆಗಲಿಲ್ಲ. ಮುಂದಿನ ವಾರದಿಂದ ಕ್ಯಾಪ್ಟನ್ 'ಇಡ್ಲಿ'ಯನ್ನು ಕೈಬಿಟ್ಟು 'ದೋಸೆ' ಶುರುಮಾಡಿದ. ದೋಸೆ ಅಂದರೆ ಚೆಂಡನ್ನು ಪಕ್ಕಕ್ಕೆ ಅವಳಿಗೆ ಎಸೆಯುವುದು, ಅವಳು ಹಿಟ್ಟು ಹರಡಿದ ಹಾಗೆ ಅಂಚಿನಲ್ಲಿ ಬಳಸಿಕೊಂಡು ಹೋಗುವುದು. ಓಡಲು ಬಾರದ ಉದ್ದನೆಯವನನ್ನು ಅಂಚಿನಲ್ಲಿ ನಿಲ್ಲಿಸಿದರು. ಖೋ ಖೋ ಕಂಬ ಸುತ್ತುವ ಹಾಗೆ ಅವಳು ಅವನನ್ನು ಸುತ್ತುತ್ತಿದ್ದಳು. ನಾನಿದ್ದಾಗ ಸುಮ್ಮನೆ ನಿಂತು ನೋಡುತ್ತಿದ್ದವರಿಗೆಲ್ಲ ಈಗ ಒಂದೊಂದು ಕೆಲಸ ಸಿಕ್ಕಿತ್ತು. ಬುಧವಾರ ಸಂಜೆ ಪಾರ್ಕಿನಲ್ಲಿ ಪ್ರಾಕ್ಟೀಸು ಬೇರೆ. ನಾನು ಓಡುವಾಗ ಪ್ರಾಕ್ಟೀಸು ಅಂತ ಯಾರೂ ಒಂದು ಸಲವೂ ಸೇರಿದವರಲ್ಲ.

ಅವಳಿಗೂ ಕ್ಯಾಪ್ಟನ್ನಿಗೂ ನಡುವೆ ಏನೋ ಇದೆ ಅಂತ ಅನುಮಾನ ಪಟ್ಟಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಮರ್ಯಾದೆಯಾದರೂ ಇರುತ್ತಿತ್ತು. ನನಗೆ ಹೊಟ್ಟೆ ಉರಿದದ್ದು ನನ್ನ ಹೆಂಡತಿಯ ಕಾಲು ನೋಡಿ. ಆ ಕಾಲು ಎಷ್ಟು ಸಲೀಸಾಗಿ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಮ್ಯಾಚು ಮುಗಿದ ಮೇಲೆ ಎಲ್ಲರೂ ಅವಳನ್ನು ಸುತ್ತುವರಿದು ನಿಂತರೆ ನಾನು ಕುರ್ಚಿ ಮಡಿಸುವುದರಲ್ಲಿ ಮಗ್ನನಾದವನ ಹಾಗೆ ನಟಿಸುತ್ತಿದ್ದೆ. ಈಗ ಕಿತ್ತಳೆ ಹಣ್ಣು ಸುಲಿದು ಡಬ್ಬಿಗೆ ತುಂಬಿ ತರುವವನು ನಾನಾಗಿದ್ದೆ. ಯಾರೋ ಒಬ್ಬರು, ಹಣ್ಣು ಚೆನ್ನಾಗಿದೆ ಅಣ್ಣ ಅಂದರು. ಆ ಡಬ್ಬಿಯನ್ನು ಅವರ ತಲೆಯ ಮೇಲೆ ಸುರಿಯಬೇಕೆನಿಸಿತು.

ಮನೆಗೆ ಬರುವಾಗ ಫ್ರೀವೇ ಉದ್ದಕ್ಕೂ ಅವಳಿಗೆ ಪಾಠ ಹೇಳುತ್ತಿದ್ದೆ. ಚೆಂಡನ್ನು ಮಗು ಎತ್ತಿಕೊಂಡ ಹಾಗೆ ಹಿಡಿಯುತ್ತೀಯ. ಅಂಚಿಗೆ ಹೋದರೆ ಜಾಗವೇ ಇರುವುದಿಲ್ಲ, ನಡುವಿನಿಂದ ಹೋಗಬೇಕು. ಮುಂದಿನ ವಾರದ ಟೀಮು ನಿನ್ನ ಆಟ ಕಂಡುಹಿಡಿದುಬಿಡುತ್ತದೆ. ಅವಳು ಹೂಂ ಹೂಂ ಅನ್ನುತ್ತಿದ್ದಳು. ಮುಂದಿನ ವಾರ ನನ್ನ ಪಾಠದಲ್ಲಿ ಉಪಯೋಗಕ್ಕೆ ಬರುವಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿರುತ್ತಿದ್ದಳು. ಅದೂ ನನಗೆ ಸಹಿಸಲಾಗುತ್ತಿರಲಿಲ್ಲ.

ಒಳಗಿದ್ದದ್ದು ಹೊರಗೆ ಬಂದದ್ದು ಅವರೆಕಾಳಿನ ವಿಷಯಕ್ಕೆ. ನನ್ನ ತೊಡೆಗೆ ಐಸು ಇಡಲು ಫ್ರೀಜರಿನಲ್ಲಿ ಒಂದು ಅವರೆಕಾಳಿನ ಪ್ಯಾಕೆಟ್ಟು ಮೀಸಲಾಗಿತ್ತು. ಇಂಡಿಯನ್ ಗ್ರೋಸರಿಯಿಂದ ತಂದದ್ದು, ಕರಗಿ ಗಟ್ಟಿಯಾಗಿ ಕರಗಿ ಗಟ್ಟಿಯಾಗಿ ಸಾರಿಗೆ ಬಾರದಂತಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ನಾನು ಹುಡುಕಿದರೆ ಅದಿಲ್ಲ. ಅವಳು ಸೋಫಾದ ಮೇಲೆ ಕಾಲು ಚಾಚಿ, ಅದನ್ನು ತನ್ನ ಮಂಡಿಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅದು ನನ್ನದು ಅಂದೆ. ದನಿಯಲ್ಲಿದ್ದ ಸಣ್ಣತನ ನನಗೇ ಕೇಳಿಸಿತು. ಅದಕ್ಕೆ ಇನ್ನೂ ಒಂದಿಷ್ಟು ಸೇರಿಸಿದೆ. ನನ್ನ ಪಟ್ಟಿ ನಿನಗೆ, ನನ್ನ ಜಾಗ ನಿನಗೆ, ಈಗ ಇದೂ ನಿನಗೇ ಬೇಕಾ ಅಂದೆ.

ಅವಳು ಪ್ಯಾಕೆಟ್ಟನ್ನು ತೆಗೆದು ಟೀಪಾಯಿ ಮೇಲಿಟ್ಟಳು. ಸಿಟ್ಟು ಮಾಡಿಕೊಂಡಿರಲಿಲ್ಲ.

"ಮೂರ್ ವರ್ಷ ನಾನು ಅದೇ ಗೆರೆ ಪಕ್ಕ ಕೂತಿದ್ದೆ ಕಣ್ರೀ" ಅಂದಳು. "ನೀವು ಓಡೋದನ್ನ ನೋಡ್ತಾ ಪ್ರತಿ ವಾರ ನನ್ ಕಾಲು ಒಳಗೊಳಗೇ ಎಳೀತಿತ್ತು. ನೀನೂ ಬರ್ತೀಯಾ ಅಂತ ನೀವು ಒಂದ್ ದಿನಾನೂ ಕೇಳ್ಲಿಲ್ಲ. ನಿಮ್ಗೆ ಈ ನಾಲ್ಕು ವಾರಕ್ಕೇ ಇಷ್ಟು ಉರಿ ಆದ್ರೆ, ನನ್ಗೆ ಎಷ್ಟಾಗಿರ್ಬೇಕು?"

ಅವಳ ಮಾತು ನ್ಯಾಯವಾಗಿತ್ತು, ಅದು ನನಗೂ ಗೊತ್ತಿತ್ತು. ಆದರೆ ಹೊಟ್ಟೆಕಿಚ್ಚು ನ್ಯಾಯ ಕೇಳಿ ತಣ್ಣಗಾಗುವಂಥದ್ದಲ್ಲ. ಪ್ಯಾಕೆಟ್ಟನ್ನು ಅವಳ ಮಂಡಿಯ ಮೇಲೆ ವಾಪಸ್ಸು ಇಟ್ಟೆ. ಕೊನೆಯ ಮ್ಯಾಚಿನ ಹೊತ್ತಿಗೆ ಕಾಲು ಸರಿಮಾಡಿಕೊಂಡು ನನ್ನ ಜಾಗ ವಾಪಸ್ಸು ತೆಗೆದುಕೊಳ್ಳುತ್ತೇನೆ ಅಂತ ಅಡುಗೆಮನೆಯಲ್ಲಿ ನಿಂತು ನನಗೆ ನಾನೇ ಆಣೆ ಮಾಡಿಕೊಂಡೆ. ಫಿಸಿಯೋಥೆರಪಿಯವಳು ಹೇಳಿದ ಒಂದು ವ್ಯಾಯಾಮವನ್ನೂ ತಪ್ಪಿಸಲಿಲ್ಲ.

ಕೊನೆಯ ಮ್ಯಾಚಿನ ದಿನ ಕಾಲು ನೋಯುತ್ತಿರಲಿಲ್ಲ. ಎದುರಿನವರು ಸೀಸನ್ನಿನ ಮೊದಲ ವಾರ ನಮ್ಮ ಜೊತೆ ಆಡಿದವರೇ. ಆಗ ಅವರ ನಡುವಿನಿಂದ ನಾನು ಇಡ್ಲಿಯ ಮೇಲೆ ಇಡ್ಲಿ ಓಡಿದ್ದೆ, ಅವರಿಗೆ ನನ್ನ ಮುಖ ಮರೆತಿರಲಿಲ್ಲ. ನಾನು ಮೈದಾನಕ್ಕೆ ಇಳಿಯುತ್ತಿದ್ದಂತೆ ಒಬ್ಬ ನನ್ನನ್ನು ತೋರಿಸಿ ಪಕ್ಕದವನಿಗೆ ಏನೋ ಹೇಳಿದ. ಬಹಳ ದಿನದ ಮೇಲೆ ನನ್ನ ಎದೆ ಸ್ವಲ್ಪ ಉಬ್ಬಿತು.

ಹೆಂಡತಿಯೂ ಆಡುತ್ತಿದ್ದಳು. ಕ್ಯಾಪ್ಟನ್ ಮರ್ಯಾದೆಗೆ ಮೊದಲು 'ಇಡ್ಲಿ' ಕೂಗಿದ. ನಾನು ನುಗ್ಗಿದೆ. ಕಾಲು ತಡೆಯಿತು, ಆದರೆ ಹಳೆಯ ವೇಗ ಅದರಲ್ಲಿರಲಿಲ್ಲ. ಎರಡೂ ಪಟ್ಟಿ ಒಂದೇ ಏಟಿಗೆ ಹೋದವು. ಇನ್ನೊಮ್ಮೆ ಕೊಟ್ಟ, ಅದೇ ಕಥೆ. ಮೂರನೆಯ ಸಲ ಕೇಳಲು ನನಗೆ ಮುಖವಿರಲಿಲ್ಲ. ದೋಸೆಯೂ ಅವತ್ತು ನಡೆಯಲಿಲ್ಲ. ಎದುರಿನವರು ನಮ್ಮ ಉಳಿದ ಮ್ಯಾಚುಗಳನ್ನು ನೋಡಿಯೇ ಬಂದಿದ್ದರು. ಅಂಚಿನಲ್ಲಿ ಇಬ್ಬರನ್ನು ಅವಳಿಗಾಗಿಯೇ ನಿಲ್ಲಿಸಿದ್ದರು.

ಆಟ ಸಮಸಮವಾಗಿ ಮುಗಿಯುತ್ತ ಬಂದಾಗ ಕ್ಯಾಪ್ಟನ್ ಎಲ್ಲರನ್ನೂ ಗುಂಪು ಸೇರಿಸಿದ. ನನ್ನ ಹೆಗಲ ಮೇಲೆ ಕೈಯಿಟ್ಟ.

"ಅಣ್ಣ, ನೀವು ನಡುವಿಂದ ಓಡ್ಬೇಕು. ಜೀವ ಬಿಟ್ಟು ಓಡ್ಬೇಕು" ಅಂದ. "ಆದ್ರೆ ಚೆಂಡು ನಿಮ್ ಹತ್ರ ಇರಲ್ಲ."

ಎಲ್ಲರೂ ನೆಲ ನೋಡಿದರು. ಹೆಂಡತಿ ಮಾತ್ರ ನನ್ನನ್ನು ನೋಡಿದಳು. ಆಗಲ್ಲ ಅನ್ನಬೇಕು ಅಂತ ನಾಲಿಗೆಯ ತುದಿಗೆ ಬಂದಿತ್ತು. ಆಗಲಿ ಅಂದೆ.

ಕ್ಯಾಪ್ಟನ್ ಚೆಂಡನ್ನು ನನ್ನ ಹೊಟ್ಟೆಯವರೆಗೆ ತಂದು ವಾಪಸ್ಸು ಎಳೆದುಕೊಂಡ. ನಾನು ಎರಡೂ ಕೈ ಮಡಚಿ, ಏನೂ ಇಲ್ಲದ್ದನ್ನು ಬಿಗಿಯಾಗಿ ಅಪ್ಪಿಕೊಂಡು, ತಲೆ ತಗ್ಗಿಸಿ ಓಡಿದೆ. ಎಡದಿಂದ ಒಬ್ಬ ಬಂದ, ಬಲದಿಂದ ಒಬ್ಬ, ಎದುರಿಗೆ ಒಬ್ಬಳು. ಅಂಚಿನಲ್ಲಿ ನಿಂತಿದ್ದ ಇಬ್ಬರೂ ತಮ್ಮ ಜಾಗ ಬಿಟ್ಟು ನನ್ನ ಕಡೆಗೆ ಓಡಿಬಂದರು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಚೆಂಡು ಇಲ್ಲ ಅನ್ನುವುದು ಮರೆತುಹೋಗಿತ್ತು. ಅಷ್ಟು ಜನ ಒಟ್ಟಿಗೆ ನನ್ನ ಬೆನ್ನು ಹತ್ತಿದ್ದು ನನ್ನ ಆಟದಲ್ಲೇ ಮೊದಲು. ನನ್ನ ಪಟ್ಟಿ ಕಿತ್ತವನು ನನ್ನ ಕೈ ಬಿಡಿಸಿ ನೋಡಿ ಬೆಪ್ಪಾದ. ಆ ಕಡೆ ಕೂಗು ಎದ್ದಿತ್ತು. ಹೆಂಡತಿ ಚೆಂಡು ಹಿಡಿದು ಆಗಲೇ ಗೆರೆ ದಾಟಿದ್ದಳು.

ಟೀಮೆಲ್ಲ ಅವಳ ಕಡೆ ಓಡಿತು, ಮಗಳೂ ಓಡಿದಳು. ನಾನು ಮೈದಾನದ ನಡುವೆ ಬರಿಗೈಯಲ್ಲಿ ನಿಂತಿದ್ದೆ. ಹೊಟ್ಟೆಕಿಚ್ಚು ಹೋಗಿತ್ತು ಅಂದರೆ ಸುಳ್ಳಾಗುತ್ತದೆ. ಗೆದ್ದೆವಲ್ಲ ಅಂತ ಸಮಾಧಾನ ಹೇಳಿಕೊಳ್ಳುತ್ತ, ನಗುವ ಮುಖ ಸಿದ್ಧ ಮಾಡಿಕೊಂಡು ನಿಧಾನವಾಗಿ ಅಲ್ಲಿಗೆ ನಡೆದೆ. ಅವಳು ಗುಂಪು ಬಿಡಿಸಿಕೊಂಡು ಎದುರಿಗೆ ಬಂದಳು. ಏದುಸಿರು ಕೂಡ ಇರಲಿಲ್ಲ.

"ನಿಮ್ ಹಿಂದೆ ಎಷ್ಟು ಜನ ಬಂದ್ರು?" ಅಂತ ಕೇಳಿದಳು.

ಐದು ಜನ ಅಂದೆ.

"ಐದು ಜನಾನಾ?" ಅಂದಳು. ಚೆಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. "ನನ್ನ ಹಿಂದೆ ಒಬ್ರೂ ಬರ್ಲಿಲ್ಲ. ಸುಮ್ನೆ ನಡ್ಕೊಂಡ್ ಹೋಗಿದ್ರೂ ಆಗ್ತಿತ್ತು."

ಗೆದ್ದವಳ ದನಿಯಲ್ಲ ಅದು. ಮುಖ ಸಣ್ಣಗೆ ಮಾಡಿಕೊಂಡು, ನನ್ನನ್ನು ಅಟ್ಟಿಸಿಕೊಂಡು ಬಂದ ಆ ಐದು ಜನರನ್ನು ಅವಳು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವಾರ ನಾನು ಅವಳನ್ನು ನೋಡಿದ್ದು ಹಾಗೆಯೇ.