ಯಥಾಸ್ಥಿತಿಯ ಹಾಸ್ಟೆಲ್ಲು

ತೊಂಬತ್ತರ ದಶಕದಲ್ಲಿ ನಾಗಮಂಗಲದ ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ನಾನು ವಾರ್ಡನ್ ಆಗಿದ್ದೆ. ಆ ದಿನಗಳಲ್ಲಿ ನಮ್ಮನ್ನು ಕಾಪಾಡಿದ್ದು ನಮ್ಮ ಇಲಾಖೆಯಲ್ಲ, ನಮ್ಮ ಮೇಲೆ ಹಾಕಿದ್ದ ಕೇಸು.

ನಮ್ಮ ದಲಿತ ಹುಡುಗಿಯರು ಮೊದಲು ಊರಾಚೆಯ ಹಳೇ ಗೋದಾಮಿನಲ್ಲಿದ್ದರು. ಮಳೆ ಬಂದರೆ ಹಾಸಿಗೆ ಮಡಚಿ ಗೋಡೆಗೆ ಒರಗಿ ಕೂರುವುದೇ ಅಲ್ಲಿನ ಓದು. ಕೊನೆಗೆ ಹೈಸ್ಕೂಲಿನ ಪಕ್ಕದ ಬೀದಿಯಲ್ಲಿ ಒಂದು ಒಳ್ಳೆಯ ಮನೆ ಬಾಡಿಗೆಗೆ ಸಿಕ್ಕಿತು. ಮಾಲೀಕರು ಮೈಸೂರಿನಲ್ಲಿದ್ದರು, ಯಾರು ಬರುತ್ತಾರೆಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಟ್ರಾಕ್ಟರಿನಲ್ಲಿ ಟ್ರಂಕು, ಪಾತ್ರೆ ತಂದು ಇಳಿಸಿದೆವು. ಸ್ವಲ್ಪ ದಿನಕ್ಕೇ ಎದುರುಮನೆಯ ಕಾಯಿ ಮಂಡಿ ಯಜಮಾನರು ನಮ್ಮ ಮೇಲೂ ಮಾಲೀಕರ ಮೇಲೂ ಕೇಸು ಹಾಕಿದರು. ಗಲಾಟೆಯಂತೆ, ಬಾವಿ ನೀರು ಸಾಲದಂತೆ, ಬೀದಿಯ ನೆಮ್ಮದಿ ಕೆಡುತ್ತದಂತೆ. ಜಾತಿ ಎಂಬ ಮಾತು ಒಂದು ಕಡೆಯೂ ಇರಲಿಲ್ಲ. ಅಷ್ಟು ಸಭ್ಯ ಬರವಣಿಗೆಯನ್ನು ನಾನು ಇಲಾಖೆಯಲ್ಲೂ ಕಂಡಿರಲಿಲ್ಲ.

ಕೇಸು ಮುಗಿಯುವವರೆಗೆ ಎಲ್ಲರೂ ಯಥಾಸ್ಥಿತಿ ಕಾಪಾಡಬೇಕು ಎಂದು ಕೋರ್ಟು ಆದೇಶ ಮಾಡಿತು. ಹುಡುಗಿಯರು ಆಗಲೇ ಒಳಗಿದ್ದರಲ್ಲ, ಒಳಗೇ ಉಳಿದರು. ಊರಿನಲ್ಲಿದ್ದ ತಮ್ಮ ನೆಂಟರ ಒತ್ತಾಯಕ್ಕೆ ಮಾಲೀಕರು ಮನೆ ಖಾಲಿ ಮಾಡಿಸಲು ಬಂದಾಗಲೆಲ್ಲ, “ಕೋರ್ಟು ಬೇಡ ಅಂದದೆ, ನಾನೇನ್ ಮಾಡ್ಲಿ ಸಾಮಿ?” ಎನ್ನುತ್ತಿದ್ದೆ. ವಾಯಿದೆ ಮೇಲೆ ವಾಯಿದೆ ಬಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದವರು ಹೋದರು, ಹೊಸಬರು ಬಂದರು. ನಮ್ಮ ವಕೀಲರು ಕೋರ್ಟಿಗೆ ಬಾರದೆ ಚಕ್ಕರ್ ಹೊಡೆದ ದಿನ ನಾನು ಅವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಹೀಗಿರುವಾಗ ಆ ವಕೀಲರಿಗೆ ಏನು ಹುಮ್ಮಸ್ಸು ಬಂತೋ, ಚೆನ್ನಾಗಿ ವಾದ ಮಾಡಿ ಗೆದ್ದುಬಿಟ್ಟರು. ಇಲಾಖೆಯಲ್ಲಿ ಮೈಸೂರುಪಾಕು ಹಂಚಿದರು. ಕೇಸು ಹೋಯಿತು, ಅದರ ಜೊತೆಗೆ ಯಥಾಸ್ಥಿತಿಯೂ ಹೋಯಿತು. ಮಾಲೀಕರು ಓಡಿಬಂದು ಮನೆ ಬಿಡಿ ಎಂದರು. ಪರೀಕ್ಷೆ ಹತ್ತಿರವಿತ್ತು. ಎಷ್ಟು ಅಲೆದರೂ ಬೇರೆ ಮನೆ ಸಿಗಲಿಲ್ಲ. ಇನ್ನು ಆ ಗೋದಾಮೇ ಗತಿ ಎಂದಾಯಿತು.

ಮಾನ ಮರ್ಯಾದೆ ಬಿಟ್ಟು ಎದುರುಮನೆಗೆ ಹೋದೆ. “ಯಜಮಾನ್ರೇ, ದಯವಿಟ್ಟು ಅಪೀಲು ಹಾಕಿ” ಎಂದೆ.

ಅವರು ನಕ್ಕರು. “ಬುಡಿ ಮೇಡಮ್ಮೋರೆ. ನಿಮ್ ಹೆಣ್ಮಕ್ಳು ಬಂಗಾರದಂತವ್ರು. ನಿಮ್ ಜಗಲಿ ಮ್ಯಾಲೆ ಕುಂಡ್ರುಸ್ಕಂಡು ನಮ್ ಮೊಮ್ಮಗಳ್ಗೆ ಲೆಕ್ಕ ಏಳ್ಕೊಟ್ಟವ್ರೆ. ಇನ್ನೊಂದ್ ಕೇಸು ಆಕಕ್ಕೆ ನಂಗೆ ಮನ್ಸು ಬರಾಕಿಲ್ಲ.”

ನನಗೆ ಕಣ್ಣು ತುಂಬಿ ಬಂತು. ಅದೇ ಭರದಲ್ಲಿ, “ಅಂಗಾದ್ರೆ ನಿಮ್ ಮಹಡಿ ಖಾಲಿ ಐತಲ್ಲ, ಪರೀಕ್ಷೆ ಮುಗಿಯೋಗಂಟ ಬಾಡಿಗೆಗೆ ಕೊಡಿ” ಎಂದುಬಿಟ್ಟೆ.

ಅವರು ಲೋಟವನ್ನು ನನ್ನ ಕಡೆ ಸರಿಸಿದರು. “ಅದು ಬ್ಯಾರೆ ಇಚಾರ. ಕಾಫಿ ಕುಡೀರಿ, ಆರೋಯ್ತದೆ.”

ಕಾಫಿ ಮುಟ್ಟದೆ ಎದ್ದು ಬಂದೆ.

ಟ್ರಾಕ್ಟರು ಮತ್ತೆ ಬಂತು. ಲೆಕ್ಕ ಹೇಳಿಕೊಡುತ್ತಿದ್ದ ಹುಡುಗಿ ತನ್ನ ಟ್ರಂಕು ಏರಿಸುವಾಗ ಯಜಮಾನರು ತಮ್ಮ ಬಾಗಿಲಿನಿಂದಲೇ, “ಚೆಂದಾಗಿ ಬರಿ ಮಗ” ಎಂದು ಕೂಗಿ ಹರಸಿದರು. ಅವಳು ತಲೆಯಾಡಿಸಿ, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

“ಮಿಸ್, ಕೇಸು ಗೆದ್ದೋರು ನಾವೇ ಅಲ್ವಾ?”

“ಹೂಂ ಕಣವ್ವ, ನಾವೇ” ಎಂದೆ.