ಓದಲಷ್ಟೇ ಬರುವ ಟೂಲ್

ಶೋಳಿಂಗನಲ್ಲೂರಿನ ಆಫೀಸಿನಲ್ಲಿ ನಾನು ಮಾಡುವ ಕೆಲಸವನ್ನು ಅಮ್ಮನಿಗೆ ವಿವರಿಸಲು ಹೋಗಿ ಸೋತಿದ್ದೇನೆ. ಬ್ಲಾಕ್‌ಚೈನ್ ಎಂಬ, ಎಲ್ಲರೂ ಓದಬಹುದಾದ ಆದರೆ ಬರೆದದ್ದನ್ನು ಅಳಿಸಲಾಗದ ದಾಖಲೆಯಲ್ಲಿ ಸ್ಮಾರ್ಟ್ ಕಾಂಟ್ರಾಕ್ಟ್ ಎಂಬ ಸಣ್ಣ ಪ್ರೋಗ್ರಾಂಗಳಿರುತ್ತವೆ. ಅವುಗಳೊಳಗಿನ ವಿವರ ಬದಲಿಸಲು ಒಡೆಯನ ಹತ್ತಿರವಿರುವ ಗುಟ್ಟಿನ ಕೀ ಬೇಕು. ನಮ್ಮ ಟೂಲ್ ಆ ಪ್ರೋಗ್ರಾಂಗೆ ಪ್ರಶ್ನೆ ಕೇಳಿ ಉತ್ತರ ತರುತ್ತದೆ, ಅಷ್ಟೆ. ಏನನ್ನೂ ಬರೆಯುವುದಿಲ್ಲ. ಕೇಳಿದ್ದರ ಗುರುತು ಕೂಡ ಚೈನ್‌ನಲ್ಲಿ ಉಳಿಯುವುದಿಲ್ಲ.

"ಹಾಗಾದ್ರೆ ಸುಮ್ಮಾ ನೋಡ್ಲಿಕ್ಕೆ ನಿಂಗೆ ಸಂಬಳವಾ?" ಎಂದು ಅಮ್ಮ ಕೇಳಿದ್ದಳು. "ಮುಟ್ಲಿಕ್ಕೆ ಬೇರೆ ಜನ ಉಂಟಾ?"

ತಂಗಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿದ್ದಳು. ತಾಂಬರಂನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಸರ್ಟಿಫಿಕೇಟ್ ಪರಿಶೀಲನೆಯೊಂದೇ ಬಾಕಿ. ಅವಳು ಓದಿದ ಇನ್‌ಸ್ಟಿಟ್ಯೂಟ್ ಸರ್ಟಿಫಿಕೇಟುಗಳನ್ನು ಕಾಗದದಲ್ಲಿ ಕೊಡದೆ ಬ್ಲಾಕ್‌ಚೈನಿಗೆ ಏರಿಸಿತ್ತು. ಯಾರಿಂದಲೂ ತಿದ್ದಲಾಗದು ಎಂಬುದೇ ಅವರ ಜಾಹೀರಾತಾಗಿತ್ತು. ಲ್ಯಾಬಿನವರು ಪರಿಶೀಲಿಸಿದಾಗ ಅವಳದು ರದ್ದಾಗಿದೆ ಎಂದು ಬಂತು.

ಇನ್‌ಸ್ಟಿಟ್ಯೂಟ್ ಅಷ್ಟರಲ್ಲಿ ಮುಚ್ಚಿತ್ತು. ಹುಡುಕಿ ಹುಡುಕಿ ಅದರ ಮ್ಯಾನೇಜರ್ ಆಗಿದ್ದವನಿಗೆ ಫೋನ್ ಮಾಡಿದೆ. ಆತ ಮುಚ್ಚುಮರೆಯಿಲ್ಲದೆ ತಮಿಳಿನಲ್ಲಿ ಹೇಳಿದ. ರದ್ದು ಮಾಡುವ ಬಟನ್ ಕೆಲಸ ಮಾಡುತ್ತದೋ ಇಲ್ಲವೋ ನೋಡೋಣ ಎಂದು ಅಲ್ಲಿನವರು ಮೊದಲು ಕಂಡ ಹೆಸರಿನ ಮೇಲೆ, ಅಂದರೆ ತಂಗಿಯದರ ಮೇಲೆ, ಒತ್ತಿದ್ದರಂತೆ. ಅದು ಪ್ರಯೋಗಕ್ಕೆಂದು ಇಟ್ಟ ಚೈನ್ ಎಂದುಕೊಂಡಿದ್ದರಂತೆ.

"ಈಗ ವಾಪಸ್ ಸರಿಮಾಡಿ," ಎಂದೆ.

"ಕೀ ಇದ್ದ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ಮಾರಿಬಿಟ್ಟೆವಲ್ಲ ಸಾರ್."

ಒಂದು ಭಾನುವಾರ ಬೆಳಿಗ್ಗೆ ಮೈಲಾಪೂರಿನ ನಮ್ಮ ಮನೆಯಲ್ಲಿ ಟೂಲ್ ತೆರೆದು ಕೂತೆ. ಕಾಂಟ್ರಾಕ್ಟಿನಲ್ಲಿ ರದ್ದಾದದ್ದನ್ನು ಮರಳಿ ಊರ್ಜಿತಗೊಳಿಸುವ ಆಜ್ಞೆಯೊಂದು ಇತ್ತು. ನಮ್ಮ ಟೂಲ್‌ನಲ್ಲಿ, ಕೇಳುತ್ತಿರುವವರು ಯಾರು ಎಂಬ ಜಾಗದಲ್ಲಿ ಯಾರ ಚೈನ್ ವಿಳಾಸವನ್ನಾದರೂ ಹಾಕಬಹುದು. ಒಡೆಯನ, ಅಂದರೆ ಇನ್‌ಸ್ಟಿಟ್ಯೂಟಿನ, ವಿಳಾಸ ಎಲ್ಲರಿಗೂ ಕಾಣುವಂಥದ್ದು. ಅದನ್ನು ಹಾಕಿ ಒತ್ತಿದೆ. 'ಟ್ರೂ' ಎಂದು ಉತ್ತರ ಬಂತು. ಒಡೆಯ ನಿಜಕ್ಕೂ ಕೇಳಿದ್ದರೆ ಆಗುತ್ತಿತ್ತು ಎಂದು ಮಾತ್ರ ಅದರ ಅರ್ಥ. ನಾಟಕದ ತಾಲೀಮಿನ ಹಾಗೆ, ಆಟ ನಡೆದಿರಲಿಲ್ಲ.

ತಂಗಿ ಕಾಫಿ ಲೋಟ ಹಿಡಿದು ನನ್ನ ಹಿಂದೆ ನಿಂತಿದ್ದಳು. ನಾನು ಇನ್ನೊಂದು ಪ್ರಶ್ನೆ ಟೈಪ್ ಮಾಡುತ್ತಿದ್ದಂತೆ ಬಾಲ್ಕನಿಯಿಂದ ಅವಳ ದನಿ ಕೇಳಿಸಿತು. ಲ್ಯಾಬಿನ ನೇಮಕಾತಿ ನೋಡಿಕೊಳ್ಳುವ ಮೇಡಂಗೆ ಫೋನ್ ಮಾಡಿದ್ದಳು. "ಸರಿಯಾಯ್ತು ಮೇಡಂ. ಮನೆಯಲ್ಲಿ ಅಣ್ಣ ಇದೇ ಕೆಲಸದಲ್ಲಿರೋದು. ಅವನೇ ಸರಿಮಾಡಿದ."

"ಏ, ಎಂತ ಹೇಳಿದೆ ನೀನು?"

"ಟ್ರೂ ಅಂತ ಬಂತಲ್ಲ ಅಣ್ಣ. ನಾನೇ ನೋಡಿದೆ."

ಹೌದು, ಬಂದಿತ್ತು. ಅವಳು ನೋಡಿದ್ದೂ ನಿಜ.

ಮರುದಿನ ಇಬ್ಬರೂ ತಾಂಬರಂಗೆ ಹೋದೆವು. ಮೇಡಂ ನಮ್ಮೆದುರೇ ಪರಿಶೀಲಿಸಿದರು. ರದ್ದು ರದ್ದಾಗಿಯೇ ಇತ್ತು. ಆದರೆ ಅವರಿಗೆ ಈಗ ಬೇರೊಂದು ಚಿಂತೆ ಹುಟ್ಟಿತ್ತು.

"ಅಂದರೆ ನೀವು ಇದನ್ನು ತಿದ್ದೋಕೆ ಪ್ರಯತ್ನಪಟ್ಟಿದ್ದೀರಿ," ಎಂದರು ನನ್ನನ್ನು ನೋಡುತ್ತಾ.

ಅದು ಓದಲಷ್ಟೇ ಬರುವ ಟೂಲ್, ಬರೆಯುವ ಶಕ್ತಿಯೇ ಅದಕ್ಕಿಲ್ಲ ಎಂದು ನಿಧಾನವಾಗಿ ಹೇಳಿದೆ. ಹಾಗಾದರೆ ನೀವು ಓದಿದ್ದಷ್ಟೇ ಎನ್ನುವುದಕ್ಕೆ ಸಾಕ್ಷಿ ಏನು ಎಂದರು. ಓದಿದ್ದು ಎಲ್ಲಿಯೂ ದಾಖಲಾಗುವುದಿಲ್ಲ ಎಂದೆ. ಆ ಮಾತು ಬಾಯಿಂದ ಹೊರಬೀಳುತ್ತಿರುವಾಗಲೇ ಅದು ಹೇಗೆ ಕೇಳಿಸುತ್ತಿದೆ ಎಂದು ನನಗೆ ಗೊತ್ತಾಯಿತು. ನನ್ನ ಲ್ಯಾಪ್‌ಟಾಪ್ ತೆರೆದು, ಆ ಕಾಂಟ್ರಾಕ್ಟಿನಲ್ಲಿ ಇತ್ತೀಚೆಗೆ ಯಾರೂ ಏನೂ ಬರೆದಿಲ್ಲ ಎಂದು ತೋರಿಸಲು ಹೋದೆ. ಅವರು ಕೈ ಅಡ್ಡ ಹಿಡಿದರು. "ನಿಮ್ಮ ಲ್ಯಾಪ್‌ಟಾಪಿನಲ್ಲಿ ನೀವೇ ತೋರಿಸ್ತೀರಿ. ಅದನ್ನು ನಾನು ಹೇಗೆ ನಂಬಲಿ ಸಾರ್?"

ತಂಗಿ ಕುರ್ಚಿಯ ತುದಿಗೆ ಸರಿದಳು. "ಮೇಡಂ, ಒಂದು ಸ್ಯಾಂಪಲ್ ತೆಗೆದು ತೋರಿಸ್ಲಾ? ಮಕ್ಕಳ ಕೈಯಿಂದಲೂ ಒಂದೇ ಚುಚ್ಚಿಗೆ ತೆಗಿತೇನೆ. ನೀವೇ ನೋಡಿ."

ಮೇಡಂ ಕೆಟ್ಟವರಲ್ಲ. ಸ್ವಲ್ಪ ಹೊತ್ತು ಅವಳ ಕೈಗಳನ್ನೇ ನೋಡಿದರು. "ಅದು ನನ್ನ ಸ್ಕ್ರೀನ್‌ನಲ್ಲಿ ಬರೋದಿಲ್ಲವಲ್ಲಮ್ಮ," ಎಂದರು.

ಎಲೆಕ್ಟ್ರಿಕ್ ರೈಲಿನಲ್ಲಿ ಹಿಂತಿರುಗುವಾಗ ಅವಳು ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಯಾರನ್ನು ಬೈಯಬೇಕೆಂದು ನನಗೂ ಹೊಳೆಯಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ, ಟೂಲ್ ಕೂಡ.

ಆ ಕೆಲಸ ಇನ್ನೊಬ್ಬರ ಪಾಲಾಯಿತು. ತಂಗಿ ಈಗ ಬೇರೊಂದು ಇನ್‌ಸ್ಟಿಟ್ಯೂಟಿನಲ್ಲಿ ಅದೇ ಕೋರ್ಸಿಗೆ ಮೊದಲಿನಿಂದ ಸೇರಿದ್ದಾಳೆ. ಅಲ್ಲಿ ಸರ್ಟಿಫಿಕೇಟನ್ನು ಕಾಗದದಲ್ಲೇ ಕೊಡುತ್ತಾರೆ ಎಂದು ಮೊದಲೇ ಕೇಳಿ ಖಚಿತಪಡಿಸಿಕೊಂಡಳು. ಮೊದಲ ದಿನ ತರಗತಿಯಲ್ಲಿ, ನಿಮ್ಮಲ್ಲಿ ಸಿರಿಂಜ್ ಹಿಡಿದವರು ಯಾರಾದರೂ ಇದ್ದೀರಾ ಎಂದು ಕೇಳಿದರಂತೆ.

"ನೀನು ಕೈ ಎತ್ತಿದ್ಯಾ?" ಎಂದು ಅಮ್ಮ ಕೇಳಿದಳು.

"ಇಲ್ಲ," ಎಂದಳು ತಂಗಿ. "ಮತ್ತೆ ಎಲ್ಲಿ ಕಲಿತದ್ದು ಅಂತ ಕೇಳ್ತಾರೆ."